ಅಲಾಯ್ ಸ್ಟೀಲಿನಲ್ಲಿ ನಿಕಲ್, ಕ್ರೋಮಿಯಂ, ಮಾಲಿಬ್ಡಿನಂ ಮಾಡುವ ಕೆಲಸವಾದರೂ ಏನು?

ಶಾಫ್ಟ್_ಡಿಸೈನರ್

ಎಲ್ಲರಿಗೂ ನಮಸ್ಕಾರ. 90 ಮಿ.ಮೀ. ವ್ಯಾಸದ ಗೇರ್‌ಬಾಕ್ಸ್ ಶಾಫ್ಟ್ ಒಂದರ ಡಿಸೈನ್ ನನ್ನ ಮುಂದಿದೆ. ಹಳೆಯ ಡ್ರಾಯಿಂಗಿನಲ್ಲಿ ಇಎನ್ 8 (ಸಾದಾ ಕಾರ್ಬನ್ ಉಕ್ಕಿನ ಒಂದು ಗ್ರೇಡ್) ಎಂದಿದೆ. ಈಗ ಲೋಡ್ ಜಾಸ್ತಿಯಾಗಿರುವುದರಿಂದ ಇಎನ್ 24ಕ್ಕೆ (ಮಿಶ್ರಧಾತುಗಳಿರುವ ಅಲಾಯ್ ಉಕ್ಕು) ಹೋಗೋಣ ಅಂತ ಹಿರಿಯರೊಬ್ಬರು ಹೇಳಿದರು. ಟೇಬಲ್ ತೆಗೆದು ನೋಡಿದರೆ ಎರಡರಲ್ಲೂ ಕಾರ್ಬನ್ ಸುಮಾರು ಶೇ 0.4. ಸರಿಯಾಗಿ ಕ್ವೆಂಚ್ ಆದರೆ (ಕಾಯಿಸಿ ಥಟ್ಟನೆ ತಣಿಸಿದರೆ) ಸಿಗುವ ಗರಿಷ್ಠ ಗಡಸುತನವೂ ಹೆಚ್ಚುಕಡಿಮೆ ಒಂದೇ. ಹಾಗಾದರೆ ಶೇ 1.5 ನಿಕಲ್, ಶೇ 1.2 ಕ್ರೋಮಿಯಂ, ಚೂರು ಮಾಲಿಬ್ಡಿನಂ ಹಾಕಿ ನಾವು ಪಡೆಯುವುದೇನು? "ಅಲಾಯ್ ಅಂದರೆ ಸ್ಟ್ರಾಂಗ್" ಅನ್ನುವ ಉತ್ತರದಿಂದ ನನಗೆ ಸಮಾಧಾನ ಇಲ್ಲ. ಈ ಉಕ್ಕುಗಳು ಹೇಗೆ ಬಂದವು ಅಂತ ಬಲ್ಲವರಿದ್ದರೆ ಅದನ್ನೂ ದಯವಿಟ್ಟು ಬರೆಯಿರಿ.

ಕುಲುಮೆ_ಮನೆ

ಸರ್, ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಕ್ವೆಂಚ್ ಆದ ಉಕ್ಕು ಎಷ್ಟು ಗಡಸಾಗಬಲ್ಲದು ಅನ್ನುವುದು ಕಾರ್ಬನ್ ಕೈಯಲ್ಲಿದೆ. ಆ ಗಡಸುತನ ಎಷ್ಟು ಆಳಕ್ಕೆ ಇಳಿಯುತ್ತದೆ ಅನ್ನುವುದು ಮಿಶ್ರಧಾತುಗಳ ಕೈಯಲ್ಲಿದೆ. ಮೊದಲನೆಯದು ಹಾರ್ಡ್‌ನೆಸ್, ಎರಡನೆಯದು ಹಾರ್ಡನಬಿಲಿಟಿ. ಎರಡನ್ನೂ ಒಂದೇ ಅಂದುಕೊಂಡು ಮಾಡಿದ ಡ್ರಾಯಿಂಗುಗಳು ನಮ್ಮ ಹೀಟ್ ಟ್ರೀಟ್‌ಮೆಂಟ್ ಶಾಪಿಗೆ ಬರುತ್ತಲೇ ಇರುತ್ತವೆ.

ನಿಮ್ಮ ಶಾಫ್ಟನ್ನೇ ತೆಗೆದುಕೊಳ್ಳಿ. 850 ಡಿಗ್ರಿಗೆ ಕಾಯಿಸಿ ಎಣ್ಣೆಗೆ ಇಳಿಸಿದರೆ ಮೈ ಬೇಗ ತಣ್ಣಗಾಗುತ್ತದೆ. ನಡುವಿನ ಬಿಸಿ 45 ಮಿ.ಮೀ. ಉಕ್ಕನ್ನು ದಾಟಿ ಹೊರಗೆ ಬರಬೇಕಲ್ಲ, ಅದು ನಿಧಾನ. ಇಎನ್ 8 ಅಷ್ಟು ಹೊತ್ತು ತಡೆಯುವುದಿಲ್ಲ. ಒಳಗಿನ ಆಸ್ಟಿನೈಟ್ (ಕಾದ ಉಕ್ಕಿನ ಒಳರಚನೆ) ದಾರಿಯಲ್ಲೇ ಒಡೆದು ಮೆತ್ತನೆಯ ಫೆರೈಟ್, ಪರ್ಲೈಟ್ ಆಗಿಬಿಡುತ್ತದೆ, ಗಡಸು ರಚನೆಯಾದ ಮಾರ್ಟೆನ್ಸೈಟ್ ಆಗುವ ಅವಕಾಶ ತಪ್ಪುತ್ತದೆ. ಇಷ್ಟು ದಪ್ಪದ ತುಂಡಾದರೆ ಎಣ್ಣೆಯಲ್ಲಿ ಮೈಮೇಲೂ ಪೂರ್ತಿ ಮಾರ್ಟೆನ್ಸೈಟ್ ಸಿಗುವುದು ಕಷ್ಟ. ನೀರಿಗೆ ಹಾಕಿದರೆ ಮೈ ಗಡಸಾಗುತ್ತದೆ ನಿಜ, ಆದರೆ ಶಾಫ್ಟ್ ಬಾಗುತ್ತದೆ, ಕೀವೇ (ಕೀ ಕೂರಿಸಲು ಕೊರೆದ ತೋಡು) ಮೂಲೆಯಲ್ಲಿ ಬಿರುಕು ಬಿಡುವ ಭಯವೂ ಇದೆ.

ಇಎನ್ 24ರಲ್ಲಿ ಆ ಒಡೆಯುವ ಕ್ರಿಯೆಯೇ ತಡವಾಗುತ್ತದೆ. ಎಣ್ಣೆಯಲ್ಲಿ ನಿಧಾನವಾಗಿ ತಣಿದರೂ ಒಳಗಿನವರೆಗೆ ಗಡಸಾಗುತ್ತದೆ. ಆಮೇಲೆ 600 ಡಿಗ್ರಿ ಆಸುಪಾಸಿನಲ್ಲಿ ಟೆಂಪರ್ ಮಾಡಿದರೆ (ಮತ್ತೆ ಕಾಯಿಸಿ ಪೆಡಸು ಇಳಿಸಿದರೆ) ಮೈಯಿಂದ ನಡುವಿನವರೆಗೆ ಹತ್ತಿರ ಹತ್ತಿರ ಒಂದೇ ಗುಣ, ಜೊತೆಗೆ ಒಳ್ಳೆಯ ಟಫ್‌ನೆಸ್ (ಪೆಟ್ಟಿಗೆ ಒಡೆಯದ ಗುಣ). ಈ ಧಾತುಗಳು ಕೊಡುವುದು ಮುಖ್ಯವಾಗಿ ಸಮಯವನ್ನು. ಆ ಸಮಯ ಸಿಗುವುದರಿಂದಲೇ ದಪ್ಪ ತುಂಡುಗಳನ್ನು ಮೆಲ್ಲಗೆ, ಬಿರುಕಿಲ್ಲದೆ, ಬಾಗಿಸದೆ ಹದ ಮಾಡಬಹುದು.

ಇದನ್ನು ಕಣ್ಣಾರೆ ನೋಡಬೇಕಾದರೆ ಜಾಮಿನಿ ಟೆಸ್ಟ್ ನೋಡಿ. 25 ಮಿ.ಮೀ. ವ್ಯಾಸ, 100 ಮಿ.ಮೀ. ಉದ್ದದ ಸರಳು. ಕಾಯಿಸಿ ನೇರವಾಗಿ ತೂಗುಹಾಕಿ ಕೆಳತುದಿಗೆ ಮಾತ್ರ ನೀರು ಚಿಮ್ಮಿಸುತ್ತಾರೆ. ಕೆಳತುದಿ ತಕ್ಷಣ ತಣಿಯುತ್ತದೆ, ಮೇಲೆ ಹೋದಂತೆ ನಿಧಾನ. ತಣಿದ ಮೇಲೆ ಪಕ್ಕವನ್ನು ಸ್ವಲ್ಪ ಗ್ರೈಂಡ್ ಮಾಡಿ ತುದಿಯಿಂದ ಮೇಲಕ್ಕೆ ಸಾಲಾಗಿ ರಾಕ್‌ವೆಲ್ ಗಡಸುತನ ಪರೀಕ್ಷೆ ಮಾಡುತ್ತಾ ಹೋಗುತ್ತಾರೆ. ಸಾದಾ ಕಾರ್ಬನ್ ಉಕ್ಕಿನ ಗೆರೆ ಮೊದಲ ಕೆಲವು ಮಿ.ಮೀ.ಗಳಲ್ಲೇ ಕುಸಿಯುತ್ತದೆ. ಇಎನ್ 24 ಬಳಗದ ಉಕ್ಕಿನದು ಬಹುತೇಕ ಅಡ್ಡಗೆರೆಯಾಗಿಯೇ ಮುಂದುವರಿಯುತ್ತದೆ. ಇಂಥ ಎರಡು ಗ್ರಾಫ್ ಪಕ್ಕಪಕ್ಕ ಇಟ್ಟು ನೋಡಿದರೆ ನಿಮ್ಮ ಅನುಮಾನ ಅಲ್ಲಿಗೇ ಬಗೆಹರಿಯುತ್ತದೆ.

ಲೋಹಶಾಸ್ತ್ರ_ಓದು

ಕುಲುಮೆ ಸರ್ ಹೇಳಿದ ಆ "ತಡ"ಕ್ಕೆ ಕಾರಣ ಸೇರಿಸುತ್ತೇನೆ. ಆಸ್ಟಿನೈಟ್ ಪರ್ಲೈಟ್ ಆಗಬೇಕಾದರೆ ಪರಮಾಣುಗಳು ಜಾಗ ಬದಲಿಸಬೇಕು. ಕಾರ್ಬನ್ ಚಿಕ್ಕದು, ಕಬ್ಬಿಣದ ಪರಮಾಣುಗಳ ಸಂದಿಯಲ್ಲಿ ಸುಲಭವಾಗಿ ನುಸುಳುತ್ತದೆ. ಕ್ರೋಮಿಯಂ, ಮಾಲಿಬ್ಡಿನಂ, ಮ್ಯಾಂಗನೀಸ್ ಹಾಗಲ್ಲ. ಅವು ಕಬ್ಬಿಣದ ಪರಮಾಣುವಿನ ಜಾಗದಲ್ಲೇ ಕುಳಿತಿರುತ್ತವೆ, ಅಲ್ಲಿಂದ ಸರಿಯುವುದು ಬಹಳ ನಿಧಾನ. ಅವು ಸರಿದು ಹಂಚಿಕೆಯಾಗದೆ ಕೆಲಸ ಮುಂದಕ್ಕೆ ಹೋಗುವುದಿಲ್ಲ. ನಿಕಲ್ ದಾರಿ ಬೇರೆ: ಅದು ಆಸ್ಟಿನೈಟನ್ನೇ ಇನ್ನಷ್ಟು ಸ್ಥಿರ ಮಾಡುತ್ತದೆ.

1930ರಲ್ಲಿ ಡೇವನ್‌ಪೋರ್ಟ್ ಮತ್ತು ಬೇಯ್ನ್ ಇದನ್ನು ಅಳೆದು ತೋರಿಸಿದರು. ತೆಳ್ಳನೆಯ ಉಕ್ಕಿನ ಚೂರುಗಳನ್ನು ಕಾಯಿಸಿ, ಬೇಕಾದ ಉಷ್ಣತೆಯ ಸ್ನಾನಕ್ಕೆ ಹಾಕಿ, ಬೇರೆ ಬೇರೆ ಹೊತ್ತು ಇಟ್ಟು, ನೀರಿಗೆ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿದರು. ನಾವು ಟಿಟಿಟಿ (ಸಮಯ-ಉಷ್ಣತೆ-ಪರಿವರ್ತನೆ) ಡಯಾಗ್ರಂ ಎನ್ನುವ ಸಿ ಆಕಾರದ ಗೆರೆ ಬಂದದ್ದು ಹಾಗೆ. ಶೇ 0.8 ಕಾರ್ಬನ್ನಿನ ಸಾದಾ ಉಕ್ಕಿನಲ್ಲಿ ಆ ಗೆರೆಯ ಮೂಗು 550 ಡಿಗ್ರಿ ಹತ್ತಿರ, ಸುಮಾರು ಒಂದೇ ಸೆಕೆಂಡಿನ ಜಾಗದಲ್ಲಿ ಇರುತ್ತದೆ. ಮಿಶ್ರಧಾತು ಸೇರಿದಂತೆ ಮೂಗು ಬಲಕ್ಕೆ ಸರಿಯುತ್ತದೆ, ಅಂದರೆ ತಣಿಸಲು ಹೆಚ್ಚು ಸಮಯ ಸಿಗುತ್ತದೆ.

ಹಳೆ_ಕಡತ

ಇತಿಹಾಸ ಕೇಳಿದ್ದೀರಿ, ನನಗೆ ಇದು ತುಂಬಾ ಪ್ರೀತಿಯ ವಿಷಯ. ಮಿಶ್ರ ಉಕ್ಕಿನ ಕಡೆಗೆ ಮೊದಲ ಕ್ರಮಬದ್ಧ ಹೆಜ್ಜೆ ಇಟ್ಟವರಲ್ಲಿ ಮೈಕೆಲ್ ಫ್ಯಾರಡೆ ಒಬ್ಬರು. ವಿದ್ಯುತ್ತಿನ ಸಂಶೋಧನೆಗಳಿಂದ ಹೆಸರಾಗುವ ಮುನ್ನ, ಲಂಡನ್ನಿನ ಚಾಕು ತಯಾರಕ ಜೇಮ್ಸ್ ಸ್ಟೋಡಾರ್ಟ್ ಜೊತೆ ಸೇರಿ ದಕ್ಷಿಣ ಭಾರತದ ವೂಟ್ಜ್ ಉಕ್ಕಿನ ಗುಟ್ಟು ಹುಡುಕಲು ಹೊರಟರು. ಉಕ್ಕಿಗೆ ನಿಕಲ್, ಬೆಳ್ಳಿ, ಪ್ಲಾಟಿನಂ, ರೋಡಿಯಂ, ಕ್ರೋಮಿಯಂ ಎಲ್ಲ ಸೇರಿಸಿ ನೋಡಿ 1820 ಮತ್ತು 1822ರಲ್ಲಿ ಪ್ರಕಟಿಸಿದರು. ವೂಟ್ಜ್ ಗುಟ್ಟು ಅವರಿಗೆ ದಕ್ಕಲಿಲ್ಲ, ಕೈಗಾರಿಕೆಯೂ ಆಗ ಅದನ್ನು ಎತ್ತಿಕೊಳ್ಳಲಿಲ್ಲ. ಅಗ್ಗವಾಗಿ, ಒಂದೇ ಗುಣಮಟ್ಟದಲ್ಲಿ ಮೂಲ ಉಕ್ಕನ್ನೇ ಮಾಡಲು ಬಾರದ ಕಾಲದಲ್ಲಿ ಅದಕ್ಕೆ ಏನು ಸೇರಿಸಿದರೂ ಫಲ ಒಂದೊಂದು ಸಲ ಒಂದೊಂದು ಥರ ಇರುತ್ತದೆ. ಉಕ್ಕು ತಯಾರಿಸುವ ಬೆಸೆಮರ್ ಮತ್ತು ಓಪನ್ ಹಾರ್ತ್ ವಿಧಾನಗಳು ಬರುವವರೆಗೆ ಕಾಯಬೇಕಾಯಿತು ಅನ್ನುವುದಕ್ಕೆ ಇದೇ ಮುಖ್ಯ ಕಾರಣ ಅಂತ ನನ್ನ ಅಭಿಪ್ರಾಯ.

1868ರಲ್ಲಿ ರಾಬರ್ಟ್ ಮಷೆಟ್ ಟಂಗ್‌ಸ್ಟನ್ ಉಕ್ಕು ತಂದರು. ಅದನ್ನು ನೀರಿಗಾಗಲಿ ಎಣ್ಣೆಗಾಗಲಿ ಹಾಕುವ ಅಗತ್ಯವೇ ಇರಲಿಲ್ಲ, ಕಾಯಿಸಿ ಗಾಳಿಗೆ ಬಿಟ್ಟರೆ ತಾನಾಗಿ ಗಡಸಾಗುತ್ತಿತ್ತು. ಮೇಲೆ ಹೇಳಿದ ಹಾರ್ಡನಬಿಲಿಟಿಯ ತುತ್ತತುದಿ ಅದು. ಟಿಟಿಟಿ ಗೆರೆ ಬರಲು ಇನ್ನೂ ಆರು ದಶಕ ಇತ್ತು!

ಆಮೇಲೆ ರಾಬರ್ಟ್ ಹ್ಯಾಡ್‌ಫೀಲ್ಡ್. 1882, ಶೆಫೀಲ್ಡ್, ವಯಸ್ಸು 23. ಮ್ಯಾಂಗನೀಸ್ ಶೇ 4, 5 ಆದಾಗ ಉಕ್ಕು ಪಿಂಗಾಣಿಯಂತೆ ಒಡೆಯುತ್ತದೆ ಅಂತ ಗೊತ್ತಿತ್ತು. ಅಲ್ಲಿಗೆ ನಿಲ್ಲಿಸುವುದೇ ಸಹಜ. ಅವರು ನಿಲ್ಲಿಸಲಿಲ್ಲ, ಶೇ 12, 13ರವರೆಗೆ ಹೋದರು. ಅಲ್ಲಿ ಸಿಕ್ಕಿದ್ದು ಆಗಿನ ತಿಳಿವಳಿಕೆಗೆ ಪೂರ್ತಿ ಉಲ್ಟಾ ಇದ್ದ ಉಕ್ಕು: 1000 ಡಿಗ್ರಿ ಮೇಲೆ ಕಾಯಿಸಿ ನೀರಿಗೆ ಹಾಕಿದರೆ ಗಡಸಾಗುವ ಬದಲು ಮೆತ್ತಗಾಗಿ, ಟಫ್ ಆಗುತ್ತದೆ. ಅಯಸ್ಕಾಂತ ಅಂಟುವುದಿಲ್ಲ. ಪೆಟ್ಟು ಬಿದ್ದಷ್ಟೂ ಮೈ ಗಟ್ಟಿಯಾಗುತ್ತಾ ಹೋಗುತ್ತದೆ. ರೈಲ್ವೆ ಕ್ರಾಸಿಂಗ್, ಕಲ್ಲು ಒಡೆಯುವ ಕ್ರಷರ್ ದವಡೆಗಳಲ್ಲಿ ಇವತ್ತಿಗೂ ಇದೇ ಉಕ್ಕು. ಒಂದೇ ಶೋಧನೆ ಇಷ್ಟು ಕಾಲ ಬಹುತೇಕ ಅದೇ ಸೂತ್ರದಲ್ಲಿ ಬಾಳಿದ್ದು ಲೋಹಶಾಸ್ತ್ರದಲ್ಲಿ ಅಪರೂಪ. ಟ್ರಾನ್ಸ್‌ಫಾರ್ಮರುಗಳ ತಿರುಳಿಗೆ ಬಳಸುವ ಸಿಲಿಕಾನ್ ಉಕ್ಕಿನ ಮೂಲದಲ್ಲೂ ಇವರ ಹೆಸರೇ ಬರುತ್ತದೆ.

ಕ್ರಷರ್_ವೆಲ್ಡರ್

ಹ್ಯಾಡ್‌ಫೀಲ್ಡ್ ಉಕ್ಕು ಅಂದ ತಕ್ಷಣ ಕೈ ತಡೆಯಲಿಲ್ಲ. ದಿನಾ ಅದರ ಜೊತೇನೇ ನಮ್ಮ ಕೆಲಸ. ಹೊಸ ದವಡೆ ಪ್ಲೇಟ್ ಮೇಲೆ ಡ್ರಿಲ್ ಇಟ್ಟರೆ ಒಂದೆರಡು ಸುತ್ತು ಕೊರೆಯುತ್ತೆ, ಆಮೇಲೆ ತುದಿ ಸುಮ್ಮನೆ ಉಜ್ಜುತ್ತಾ ಹೊಳಪು ಮಾಡುತ್ತೆ ಅಷ್ಟೇ. ಉಜ್ಜಿದಷ್ಟೂ ಆ ಜಾಗ ಇನ್ನೂ ಗಟ್ಟಿ.

ಹೊಸಬರಿಗೆ ಒಂದು ಮಾತು. ಇಎನ್ 19 (ಇದೂ ಒಂದು ಅಲಾಯ್ ಉಕ್ಕು), ಇಎನ್ 24 ವೆಲ್ಡ್ ಮಾಡುವಾಗ ಪ್ರೀಹೀಟ್ (ಮೊದಲೇ ಕಾಯಿಸುವುದು) ಕಡ್ಡಾಯ, ಇಲ್ಲದಿದ್ದರೆ ಬೀಡಿನ (ವೆಲ್ಡ್ ಗೆರೆಯ) ಪಕ್ಕದಲ್ಲಿ ಮಾರ್ಟೆನ್ಸೈಟ್ ಆಗಿ ತಣಿದ ಮೇಲೆ ಬಿರುಕು. ಅದೇ ಅಭ್ಯಾಸ ಮ್ಯಾಂಗನೀಸ್ ಉಕ್ಕಿಗೆ ತಂದರೆ ಕೆಟ್ಟಿತು. ಇಲ್ಲಿ ಪ್ಲೇಟನ್ನು ತಣ್ಣಗೇ ಇಡಬೇಕು. 300 ಡಿಗ್ರಿ ಆಸುಪಾಸಿನಲ್ಲಿ ಹೆಚ್ಚು ಹೊತ್ತು ನಿಂತರೆ ಗ್ರೇನ್‌ಗಳ (ಉಕ್ಕಿನೊಳಗಿನ ಹರಳುಗಳ) ಅಂಚಿನಲ್ಲಿ ಕಾರ್ಬೈಡ್ (ಲೋಹ-ಕಾರ್ಬನ್ ಸೇರಿದ ಗಡಸು ಕಣ) ಕೂತು ಪೆಡಸಾಗುತ್ತೆ. ಸಣ್ಣ ಸಣ್ಣ ಬೀಡು ಹಾಕಿ, ಜಾಗ ಬದಲಿಸುತ್ತಾ, ಕೈ ಮುಟ್ಟುವಷ್ಟು ತಣಿದ ಮೇಲೆ ಮುಂದಿನದು. ಯಾವ ಪ್ಲೇಟು ಅಂತ ಅನುಮಾನ ಬಂದರೆ ಮೊದಲು ಅಯಸ್ಕಾಂತ ಹಿಡಿದು ನೋಡಿ.

ಇನ್ನೊಂದು, ಪೆಟ್ಟಿಲ್ಲದ ಕಡೆ ಈ ಉಕ್ಕು ಹಾಕಿ ಪ್ರಯೋಜನ ಇಲ್ಲ. ಬರೀ ಮರಳು ಜಾರುವ ಚ್ಯೂಟಿನಲ್ಲಿ ಬೇಗ ಸವೆಯುತ್ತೆ. ಅದಕ್ಕೆ ಗಟ್ಟಿಯಾಗೋ ಅವಕಾಶವೇ ಸಿಗಲ್ಲ.

ಇಂಡಕ್ಷನ್_ಕಾಯಿಲ್

ಮೂಲ ಪ್ರಶ್ನೆಗೆ ಬರುತ್ತೇನೆ, ಕುಲುಮೆ ಸರ್ ಅವರ ಉತ್ತರಕ್ಕೆ ನನ್ನದೊಂದು ತಕರಾರಿದೆ. ಶಾಫ್ಟಿಗೆ ಬರುವುದು ಬಾಗುವಿಕೆ ಮತ್ತು ತಿರುಚು. ಎರಡರಲ್ಲೂ ಒತ್ತಡ ಮೈಮೇಲೆ ಗರಿಷ್ಠ, ನಡುವೆ ಸೊನ್ನೆ. ಹಾಗಿರುವಾಗ ನಡುವಿನವರೆಗೆ ಗಡಸಾಗಬೇಕು ಅಂತ ನಿಕಲ್, ಮಾಲಿಬ್ಡಿನಂ ಖರ್ಚು ಮಾಡುವುದು ಯಾಕೆ? ಇಎನ್ 8 ತೆಗೆದುಕೊಂಡು ಬೇರಿಂಗ್ ಕೂರುವ ಕಡೆ, ಫಿಲೆಟ್ (ವ್ಯಾಸ ಬದಲಾಗುವ ಮೂಲೆಯ ದುಂಡನೆಯ ತಿರುವು) ಇರುವ ಕಡೆ ಇಂಡಕ್ಷನ್ ಹಾರ್ಡನಿಂಗ್ (ವಿದ್ಯುತ್ ಕಾಯಿಲಿನಿಂದ ಮೈಯನ್ನಷ್ಟೇ ಕಾಯಿಸಿ ಗಡಸು ಮಾಡುವುದು) ಮಾಡಿ. ಮೈಮೇಲೆ ಕಂಪ್ರೆಸಿವ್ (ಅದುಮುವ) ಒತ್ತಡ ಉಳಿಯುತ್ತದೆ, ಫಟೀಗ್ ಆಯುಷ್ಯ (ಮತ್ತೆ ಮತ್ತೆ ಬರುವ ಲೋಡನ್ನು ತಾಳುವ ಕಾಲ) ಹೆಚ್ಚುತ್ತದೆ. ಆಟೋಮೊಬೈಲ್ ಆಕ್ಸಲ್ ಶಾಫ್ಟುಗಳು ಎಷ್ಟೋ ಕಡೆ ಹೀಗೇ ತಯಾರಾಗುತ್ತವೆ.

ಕುಲುಮೆ_ಮನೆ

ಒಳ್ಳೆಯ ತಕರಾರು, ಬಹಳಷ್ಟು ಶಾಫ್ಟುಗಳಿಗೆ ನಿಮ್ಮ ಮಾತೇ ಸರಿ. ಆದರೆ ಅದರಲ್ಲಿ ಎರಡು ಸಂಗತಿ ನೋಡಿಕೊಳ್ಳಬೇಕು. ಗಡಸು ಪದರ ಎಲ್ಲಿ ಮುಗಿಯುತ್ತದೋ ಅಲ್ಲಿ ಕಂಪ್ರೆಸಿವ್ ಒತ್ತಡವೂ ಮುಗಿದು ಎಳೆತ ಶುರುವಾಗುತ್ತದೆ. ಆ ಜಾಗ ಫಿಲೆಟ್ಟಿನ ಬುಡಕ್ಕೆ ಬಂದು ಬಿದ್ದರೆ ಬಿರುಕಿಗೆ ಅದೇ ತವರು. ಎರಡನೆಯದು, ಪದರದ ಕೆಳಗಿನ ತಿರುಳಿಗೂ ತನ್ನ ಪಾಲಿನ ಒತ್ತಡ ತಾಳುವ ಶಕ್ತಿ ಬೇಕು. ಶಾಕ್ ಲೋಡ್ ಇರುವ ಗೇರ್‌ಬಾಕ್ಸಿನಲ್ಲಿ ತಿರುಳು ಬರೀ ನಾರ್ಮಲೈಸ್ ಆದ (ಕಾಯಿಸಿ ಗಾಳಿಯಲ್ಲಿ ತಣಿಸಿದ) ಇಎನ್ 8 ಆಗಿದ್ದರೆ ಪದರದಡಿಯಲ್ಲೇ ಬಿರುಕು ಹುಟ್ಟಬಹುದು. ಲೋಡ್ ಸಮನಾಗಿದ್ದರೆ ನಿಮ್ಮ ದಾರಿ, ಹೊಡೆತ ಇದ್ದರೆ ನನ್ನ ದಾರಿ. ಎರಡೂ ಬೇಕಾದರೆ ಇಎನ್ 19 ಹದ ಮಾಡಿಸಿ, ಅದರ ಮೇಲೆ ಇಂಡಕ್ಷನ್.

ಟೂಲ್‌ರೂಮ್

ಹಳೆ ಕಡತ ಅವರು 1882ಕ್ಕೆ ನಿಲ್ಲಿಸಿದರು, ಹೈಸ್ಪೀಡ್ ಸ್ಟೀಲ್ (ವೇಗವಾಗಿ ಲೋಹ ಕತ್ತರಿಸುವ ಟೂಲ್ ಉಕ್ಕು) ಬಿಟ್ಟು ಈ ಕಥೆ ಹೇಳಲಾಗದು. ಅಮೆರಿಕದ ಬೆತ್ಲಹೆಮ್ ಸ್ಟೀಲ್ ಕಂಪನಿಯಲ್ಲಿ ಫ್ರೆಡರಿಕ್ ಟೇಲರ್ ಮತ್ತು ಮಾನ್ಸೆಲ್ ವೈಟ್ 1898ರಿಂದ 1900ರವರೆಗೆ ಮಾಡಿದ ಪ್ರಯೋಗಗಳು. ಟೂಲ್ ಉಕ್ಕನ್ನು ಹೆಚ್ಚು ಕಾಯಿಸಿದರೆ ಸುಟ್ಟು ಹಾಳಾಗುತ್ತದೆ ಅನ್ನುವುದು ಅಲ್ಲಿಯವರೆಗಿನ ನಂಬಿಕೆ. ಅವರು ಟಂಗ್‌ಸ್ಟನ್, ಕ್ರೋಮಿಯಂ ಇರುವ ಉಕ್ಕನ್ನು ಕರಗುವ ಹತ್ತಿರದವರೆಗೆ ಕಾಯಿಸಿದರು. ಆಗಷ್ಟೇ ಕಾರ್ಬೈಡುಗಳು ಬೇಕಾದಷ್ಟು ಕರಗುತ್ತವೆ. ಆಮೇಲೆ 550 ಡಿಗ್ರಿ ಹತ್ತಿರ ಟೆಂಪರ್ ಮಾಡಿದಾಗ ಅವೇ ಅತಿ ಸಣ್ಣ ಕಣಗಳಾಗಿ ಮತ್ತೆ ಹೊರಬಂದು ಉಕ್ಕನ್ನು ಎರಡನೇ ಬಾರಿ ಗಡಸು ಮಾಡುತ್ತವೆ.

1900ರ ಪ್ಯಾರಿಸ್ ಪ್ರದರ್ಶನದಲ್ಲಿ ಜನ ನೋಡಿದ್ದು ಇದನ್ನೇ: ಟೂಲಿನ ತುದಿ ಕೆಂಪಗೆ ಕಾದಿದೆ, ನೀಲಿ ಬಣ್ಣದ ಚಿಪ್ಸ್ ಸುರುಳಿಯಾಗಿ ಬೀಳುತ್ತಿವೆ, ಆದರೂ ತುದಿ ಮೊಂಡಾಗಿಲ್ಲ. ಈ ವೇಗವನ್ನು ಆಗಿನ ಲೇತುಗಳು ತಾಳಲಿಲ್ಲ. ಮೋಟರ್, ಬೆಡ್, ಸ್ಪಿಂಡಲ್ ಎಲ್ಲವನ್ನೂ ಗಟ್ಟಿಯಾಗಿ ಹೊಸದಾಗಿ ಕಟ್ಟಬೇಕಾಯಿತು. ಒಂದು ಉಕ್ಕು ಇಡೀ ಮಷಿನ್ ಟೂಲ್ ಉದ್ಯಮದ ಮೈಕಟ್ಟನ್ನೇ ಬದಲಿಸಿತು. ಆಮೇಲೆ ನೆಲೆಯೂರಿದ ಶೇ 18 ಟಂಗ್‌ಸ್ಟನ್, ಶೇ 4 ಕ್ರೋಮಿಯಂ, ಶೇ 1 ವನೇಡಿಯಂ ಸೂತ್ರ ಟೂಲ್‌ರೂಮಿನವರಿಗೆಲ್ಲ ಬಾಯಿಪಾಠ. ಎರಡನೇ ಮಹಾಯುದ್ಧದಲ್ಲಿ ಟಂಗ್‌ಸ್ಟನ್ ಅಭಾವವಾದಾಗ ಮಾಲಿಬ್ಡಿನಂ ಅದರ ಜಾಗಕ್ಕೆ ಬಂತು, ಈಗ ನಾವು ಬಳಸುವ ಡ್ರಿಲ್‌ಗಳಲ್ಲಿ ಬಹುಪಾಲು ಎಂ2 ಎಂಬ ಮಾಲಿಬ್ಡಿನಂ ಹೈಸ್ಪೀಡ್ ಉಕ್ಕಿನ ಬಳಗದವು. ಅದೇ ಯುದ್ಧಕಾಲದಲ್ಲಿ ನಿಕಲ್, ಕ್ರೋಮಿಯಂ, ಮಾಲಿಬ್ಡಿನಂ ಮೂರನ್ನೂ ಚೂರುಚೂರೇ ಹಾಕಿ ಮಾಡಿದ 8620 ಎಂಬ ಗ್ರೇಡ್ ಇವತ್ತಿಗೂ ಗೇರುಗಳಿಗೆ ಅಚ್ಚುಮೆಚ್ಚು.

ಲೋಹಶಾಸ್ತ್ರ_ಓದು

ಸ್ಟೇನ್‌ಲೆಸ್ ಬಗ್ಗೆ ಯಾರೂ ಹೇಳಲಿಲ್ಲ, ಚಿಕ್ಕದಾಗಿ ಸೇರಿಸುತ್ತೇನೆ. 1912ರಲ್ಲಿ ಜರ್ಮನಿಯ ಕ್ರುಪ್ ಕಂಪನಿಯಲ್ಲಿ ಮೌರರ್ ಮತ್ತು ಸ್ಟ್ರೌಸ್ ಕ್ರೋಮಿಯಂ-ನಿಕಲ್ ಉಕ್ಕು ಮಾಡಿದರು, 1913ರಲ್ಲಿ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಬಂದೂಕಿನ ನಳಿಗೆ ಸವೆಯದಂತೆ ಮಾಡಲು ಹೊರಟು ಶೇ 12.8 ಕ್ರೋಮಿಯಂ ಉಕ್ಕಿಗೆ ಬಂದು ಮುಟ್ಟಿದರು. ಎಚಿಂಗ್ ಮಾಡಲು (ಒಳರಚನೆ ಕಾಣುವಂತೆ ಮೈ ಕೊರೆಯಲು) ಹಾಕಿದ ಆಮ್ಲ ಅದನ್ನು ಕಚ್ಚುತ್ತಿರಲಿಲ್ಲ. ಇಲ್ಲಿ ಕ್ರೋಮಿಯಂ ಕೆಲಸ ಬೇರೆ, ಸಮಯ ಕೊಡುವುದಲ್ಲ. ಮೈಮೇಲೆ ಕಣ್ಣಿಗೆ ಕಾಣದ ಆಕ್ಸೈಡ್ ಪೊರೆ ಕಟ್ಟುವುದು, ಗೀರಿದರೆ ಮತ್ತೆ ಕಟ್ಟುವುದು.

ಬಾಯ್ಲರ್_ಪೈಪ್

ಶಾಫ್ಟ್, ಟೂಲ್ ಎರಡೂ ಆಯಿತು. ನಮ್ಮ ಉಷ್ಣ ವಿದ್ಯುತ್ ಸ್ಥಾವರಗಳ ಕಡೆಯ ಸಮಸ್ಯೆ ಕ್ರೀಪ್. ಪೈಪಿನೊಳಗೆ 540 ಡಿಗ್ರಿ ಮೇಲಿನ ಹಬೆ, ಭಾರೀ ಒತ್ತಡ, ಅದೂ ದಶಕಗಟ್ಟಲೆ. ಸಾದಾ ಉಕ್ಕು ಅಲ್ಲಿ ಮೆಲ್ಲಮೆಲ್ಲನೆ ಹಿಗ್ಗುತ್ತಾ ಒಂದು ದಿನ ಬಾಯಿ ಬಿಡುತ್ತದೆ. ಶೇ 2.25 ಕ್ರೋಮಿಯಂ, ಶೇ 1 ಮಾಲಿಬ್ಡಿನಂ ಉಕ್ಕು ಬಹುಕಾಲ ಈ ಕೆಲಸ ಮಾಡಿತು. 1970ರ ದಶಕದಲ್ಲಿ ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದ ಕೆಲಸದಿಂದ ಗ್ರೇಡ್ 91 ಬಂತು: ಶೇ 9 ಕ್ರೋಮಿಯಂ, ಶೇ 1 ಮಾಲಿಬ್ಡಿನಂ, ಜೊತೆಗೆ ಚಿಟಿಕೆಯಷ್ಟು ವನೇಡಿಯಂ, ನಿಯೋಬಿಯಂ, ನೈಟ್ರೋಜನ್. ಆ ಚಿಟಿಕೆಯಿಂದ ಹುಟ್ಟುವ ನುಣ್ಣನೆಯ ಕಣಗಳೇ ರಚನೆಯನ್ನು ಹಿಡಿದಿಡುತ್ತವೆ. ಪೈಪಿನ ಗೋಡೆ ತೆಳುವಾಯಿತು, ಬಿಸಿ-ತಂಪಿನ ಏರಿಳಿತವನ್ನು ತಾಳುವುದೂ ಸುಲಭವಾಯಿತು.

ಆದರೆ ಈ ಉಕ್ಕು ಅಡ್ಡದಾರಿಯನ್ನು ಕ್ಷಮಿಸುವುದಿಲ್ಲ. ವೆಲ್ಡ್ ಆದ ಮೇಲೆ 100 ಡಿಗ್ರಿಗಿಂತ ಕೆಳಗೆ ಇಳಿಯಲು ಬಿಡಬೇಕು, ಆಗ ಆಸ್ಟಿನೈಟ್ ಪೂರ್ತಿ ಮಾರ್ಟೆನ್ಸೈಟ್ ಆಗುತ್ತದೆ. ಆಮೇಲಷ್ಟೇ 750 ಡಿಗ್ರಿ ಆಸುಪಾಸಿನ ಪೋಸ್ಟ್ ವೆಲ್ಡ್ ಹೀಟ್ ಟ್ರೀಟ್‌ಮೆಂಟ್. ಶಿಫ್ಟ್ ಮುಗಿಸುವ ಅವಸರಕ್ಕೆ ತಣಿಯುವ ಮೊದಲೇ ಮತ್ತೆ ಕಾಯಿಸಿದ ಕಡೆ, ಉಳಿದ ಆಸ್ಟಿನೈಟ್ ಕೊನೆಗೆ ಟೆಂಪರ್ ಆಗದ ಮಾರ್ಟೆನ್ಸೈಟ್ ಆಗಿ ಕೂರುತ್ತದೆ. ದುಬಾರಿ ಮಿಶ್ರಧಾತುವಿನ ಫಲ ಅಲ್ಲಿಗೆ ಹೋಯಿತು. ಒಂದು ಸೈಟಿನಲ್ಲಿ ಹೀಗಾಗಿ ಹಲವು ಜಾಯಿಂಟ್ ಕತ್ತರಿಸಿ ಹೊಸದಾಗಿ ಮಾಡಿದ್ದನ್ನು ನೋಡಿದ್ದೇನೆ.

ಪ್ಲೇಟ್_ಮಿಲ್

ಚಿಟಿಕೆ ಅಂದಿರಲ್ಲ, ನಮ್ಮ ಕಡೆ ಇಡೀ ವ್ಯವಹಾರವೇ ಚಿಟಿಕೆಯದು. ಸೇತುವೆ, ಗ್ಯಾಸ್ ಪೈಪ್‌ಲೈನ್ ಪ್ಲೇಟುಗಳಲ್ಲಿ ಶೇ 0.05ರ ಆಸುಪಾಸಿನ ನಿಯೋಬಿಯಂ ಸಾಕು. ಅದು ರೋಲಿಂಗ್ ಸಮಯದಲ್ಲಿ ಗ್ರೇನ್ ದೊಡ್ಡದಾಗದಂತೆ ತಡೆಯುತ್ತದೆ. ಸಣ್ಣ ಗ್ರೇನಿನಿಂದ ಬಲವೂ ಹೆಚ್ಚು, ಟಫ್‌ನೆಸ್ಸೂ ಹೆಚ್ಚು. ಕಾರ್ಬನ್ ಕಮ್ಮಿ ಇಡಬಹುದಾದ್ದರಿಂದ ವೆಲ್ಡಿಂಗ್ ಸಲೀಸು. ಹಾಗಾಗಿ ಹೆಚ್ಚು ಅಲಾಯ್ ಹಾಕಿದಷ್ಟೂ ಒಳ್ಳೆಯ ಉಕ್ಕು ಅನ್ನುವ ಭಾವನೆ ಬಿಡಬೇಕು. ಇಲ್ಲಿ ಅರ್ಧ ಕೆಲಸ ರೋಲಿಂಗ್ ಉಷ್ಣತೆಯದ್ದು.

ಇನ್ನೊಂದು ಚಿಂತೆಯನ್ನೂ ಹೇಳಿಬಿಡುತ್ತೇನೆ. ಸ್ಕ್ರ್ಯಾಪಿನಿಂದ ಉಕ್ಕು ಮಾಡುವುದು ಹೆಚ್ಚುತ್ತಿದೆ, ಅದು ಬೇಕು ಕೂಡ. ಆದರೆ ಸ್ಕ್ರ್ಯಾಪ್ ಜೊತೆ ಬರುವ ತಾಮ್ರ, ತವರ ಕುಲುಮೆಯಲ್ಲಿ ಸುಟ್ಟು ಸ್ಲ್ಯಾಗಿಗೆ (ಕಿಟ್ಟಕ್ಕೆ) ಹೋಗುವುದಿಲ್ಲ, ಉಕ್ಕಿನಲ್ಲೇ ಉಳಿಯುತ್ತವೆ. ತಾಮ್ರ ಹೆಚ್ಚಾದರೆ ಬಿಸಿ ರೋಲಿಂಗಿನಲ್ಲಿ ಮೈ ಬಿರಿಯುತ್ತದೆ. ನಿಕಲ್, ಮಾಲಿಬ್ಡಿನಂ ಇರುವ ಸ್ಕ್ರ್ಯಾಪನ್ನು ಬೇರೆ ಮಾಡದೆ ಸಾದಾ ಉಕ್ಕಿನ ಜೊತೆ ಕರಗಿಸಿದರೆ ಆ ಬೆಲೆಬಾಳುವ ಧಾತುಗಳು ಯಾರಿಗೂ ಉಪಯೋಗಕ್ಕೆ ಬಾರದಂತೆ ಹಂಚಿಹೋಗುತ್ತವೆ. ಚಿಪ್ಸನ್ನು ಗ್ರೇಡ್ ಪ್ರಕಾರ ಬೇರೆ ಬೇರೆ ಡಬ್ಬದಲ್ಲಿ ಇಡುವ ಮಷಿನ್ ಶಾಪುಗಳಿಗೆ ನನ್ನ ನಮಸ್ಕಾರ.

ಕುಲುಮೆ_ಮನೆ

ಪ್ಲೇಟ್ ಮಿಲ್ ಅವರು ತವರದ ಮಾತೆತ್ತಿದ್ದು ನಮ್ಮ ಇಎನ್ 24ಕ್ಕೂ ನೇರ ಸಂಬಂಧಪಟ್ಟದ್ದು. ನಿಕಲ್-ಕ್ರೋಮಿಯಂ ಉಕ್ಕನ್ನು ಟೆಂಪರ್ ಮಾಡಿ 575ರಿಂದ 375 ಡಿಗ್ರಿವರೆಗಿನ ವಲಯದಲ್ಲಿ ನಿಧಾನವಾಗಿ ತಣಿಸಿದರೆ ರಂಜಕ, ತವರ, ಆಂಟಿಮನಿಯಂಥ ಕಲ್ಮಶಗಳು ಗ್ರೇನ್ ಅಂಚಿಗೆ ಹೋಗಿ ಕೂರುತ್ತವೆ. ಇದು ಟೆಂಪರ್ ಎಂಬ್ರಿಟಲ್‌ಮೆಂಟ್. ಮೊದಲ ಮಹಾಯುದ್ಧದ ಕಾಲದಲ್ಲಿ ಫಿರಂಗಿ ಉಕ್ಕಿನವರನ್ನು ಇದು ತುಂಬಾ ಕಾಡಿತು. ಹಾರ್ಡ್‌ನೆಸ್ ಸರಿ ಇರುತ್ತದೆ, ಟೆನ್ಸೈಲ್ ಸರಿ ಇರುತ್ತದೆ, ನಾಚ್ ಕೊರೆದು ಇಂಪ್ಯಾಕ್ಟ್ ಟೆಸ್ಟ್ ಮಾಡಿದಾಗ ಮಾತ್ರ ತುಂಡು ಪಟ್ಟನೆ ಮುರಿಯುತ್ತದೆ. ಇಎನ್ 24ರಲ್ಲಿ ಆ ಶೇ 0.3 ಮಾಲಿಬ್ಡಿನಂ ಇರುವುದಕ್ಕೆ ಒಂದು ದೊಡ್ಡ ಕಾರಣ ಈ ಪೆಡಸುತನವನ್ನು ತಡೆಯುವುದೇ. ಮೂಲ ಪ್ರಶ್ನೆಯ "ಚೂರು ಮಾಲಿಬ್ಡಿನಂ" ಏನು ಮಾಡುತ್ತದೆ ಅನ್ನುವುದಕ್ಕೆ ಉತ್ತರ ಸಿಕ್ಕಿತಲ್ಲ.

ಶಾಫ್ಟ್_ಡಿಸೈನರ್

ಎಲ್ಲರಿಗೂ ತುಂಬು ಮನಸ್ಸಿನ ಧನ್ಯವಾದ. ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ಇನ್ನೊಂದೇ ಪ್ರಶ್ನೆ. ಈಗಿನ ಶಾಫ್ಟ್ ಲೋಡಿನಲ್ಲಿ ಸ್ವಲ್ಪ ಬಾಗಿ ಗೇರ್ ಹಲ್ಲುಗಳ ಕಚ್ಚು ಒಂದು ಬದಿಗೆ ಬೀಳುತ್ತಿದೆ. ಇಎನ್ 24 ಹಾಕಿದರೆ ಅದೂ ಸರಿಹೋಗುತ್ತದಾ?

ಇಂಡಕ್ಷನ್_ಕಾಯಿಲ್

ಇಲ್ಲ ಸರ್. ಸ್ಥಿತಿಸ್ಥಾಪಕ ಮಿತಿಯೊಳಗೆ ಎಷ್ಟು ಬಾಗುತ್ತದೆ ಅನ್ನುವುದು ಯಂಗ್ಸ್ ಮಾಡ್ಯುಲಸ್ (ಲೋಹದ ಬಿಗಿತದ ಅಳತೆ) ಮೇಲೆ. ಇಎನ್ 8 ಆಗಲಿ, ಇಎನ್ 24 ಆಗಲಿ, ಹದ ಮಾಡಿರಲಿ ಬಿಡಲಿ, ಅದು 205ರಿಂದ 210 ಜಿಪಿಎ ಆಸುಪಾಸಿನಲ್ಲೇ ಇರುತ್ತದೆ. ವ್ಯಾಸ ಹೆಚ್ಚಿಸಿ ಅಥವಾ ಬೇರಿಂಗುಗಳನ್ನು ಹತ್ತಿರ ತನ್ನಿ. ಬಾಗುವಿಕೆ ವ್ಯಾಸದ ನಾಲ್ಕನೇ ಘಾತಕ್ಕೆ ವಿಲೋಮ. 90 ಇದ್ದದ್ದನ್ನು 100 ಮಾಡಿದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಯುತ್ತದೆ.

ಕುಲುಮೆ_ಮನೆ

ಪೂರ್ತಿ ಒಪ್ಪುತ್ತೇನೆ. ಹೊಡೆತ ಇರುವ ಲೋಡ್ ಆದರೆ 100 ಮಿ.ಮೀ., ಇಎನ್ 24. ಡ್ರಾಯಿಂಗಿನಲ್ಲಿ ಬರೀ "ಇಎನ್ 24" ಅಂತ ಬರೆದು ಕೈತೊಳೆದುಕೊಳ್ಳಬೇಡಿ. ಟಿ ಕಂಡಿಷನ್ (ಹದ ಮಾಡಿದ ಒಂದು ಬಲದ ದರ್ಜೆ), ಟೆನ್ಸೈಲ್ 850ರಿಂದ 1000 ಎಂಪಿಎ ಎಂದು ಬರೆಯಿರಿ, ಇಂಪ್ಯಾಕ್ಟ್ ಮೌಲ್ಯ ಕೇಳಿ, ಟೆಸ್ಟ್ ಸರ್ಟಿಫಿಕೇಟಿನ ಹೀಟ್ ನಂಬರ್ (ಉಕ್ಕು ಕರಗಿಸಿದ ಬ್ಯಾಚಿನ ಸಂಖ್ಯೆ) ಸರಳಿನ ಮೇಲಿನ ಪಂಚಿಗೆ ಹೊಂದುತ್ತದಾ ನೋಡಿ. ಕೈಯಲ್ಲಿ ಹಿಡಿದು ಎಕ್ಸ್-ಕಿರಣದಿಂದ ಧಾತು ಗುರುತಿಸುವ ಎಕ್ಸ್‌ಆರ್‌ಎಫ್ ಗನ್ ನಿಕಲ್, ಕ್ರೋಮಿಯಂ, ಮಾಲಿಬ್ಡಿನಂ ತೋರಿಸುತ್ತದೆ, ಕಾರ್ಬನ್ ತೋರಿಸುವುದಿಲ್ಲ. ಅದಕ್ಕೆ ಸ್ಪೆಕ್ಟ್ರೋ (ಕಿಡಿಯ ಬೆಳಕಿನಿಂದ ಧಾತು ಅಳೆಯುವ ಯಂತ್ರ) ಬೇಕು.

ಆ ಕಂಡಿಷನ್ನಿನಲ್ಲಿ ಕಾರ್ಬೈಡ್ ಇನ್ಸರ್ಟಿನಿಂದ ಆರಾಮಾಗಿ ಮಷಿನ್ ಮಾಡಬಹುದು. ಹಾಗಾಗಿ ಸರಳನ್ನು ಮೊದಲು ಹದ ಮಾಡಿಸಿ, ಕೀವೇಯನ್ನು ಆಮೇಲೆ ಕೊರೆಯಿರಿ. ಮೂಲೆಗೆ ರೇಡಿಯಸ್ ಕೊಡಿ, ಮತ್ತು ಆ ರೇಡಿಯಸ್ ಎಷ್ಟೆಂದು ಡ್ರಾಯಿಂಗಿನಲ್ಲಿ ಬರೆಯಿರಿ.

ಶಾಫ್ಟ್_ಡಿಸೈನರ್

ಹೌಸಿಂಗಿನಲ್ಲಿ 100ಕ್ಕೆ ಜಾಗ ಇದೆ, ಬೇರಿಂಗ್ ಮಾತ್ರ ಬದಲಾಗುತ್ತದೆ. ಪರಿಷ್ಕರಿಸಿದ ಡ್ರಾಯಿಂಗ್ ಮುಗಿದ ಕೂಡಲೇ ಇಲ್ಲೇ ಹಾಕುತ್ತೇನೆ, ಫಿಲೆಟ್ ರೇಡಿಯಸ್ ಒಮ್ಮೆ ನೋಡಿಕೊಡಿ.